ನ್ಯಾಯಾಧೀಶರು ರಜೆಯಲ್ಲಿದ್ದ ದಿನ

ಕೊಬ್ಬರಿ ವ್ಯಾಪಾರಿಯೊಬ್ಬರು ಬಾಕಿ ಉಳಿಸಿಕೊಂಡ ನಾಲ್ಕು ಲಕ್ಷ ರೂಪಾಯಿಗಾಗಿ ಚಿಕ್ಕಮ್ಮ ಹೂಡಿದ್ದ ದಾವೆ ವಜಾ ಆಗಿ ಏಳು ತಿಂಗಳಾಗಿತ್ತು. ಗೊತ್ತಾದದ್ದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಾನು ಸುಮ್ಮನೆ ಕೇಸ್ ನಂಬರ್ ಹಾಕಿದಾಗ. ಅಲ್ಲಿಯವರೆಗೂ ವಕೀಲರು "ವಾಯಿದೆ ಬಿದ್ದಿದೆ, ನೀವು ಬರುವುದು ಬೇಡಮ್ಮಾ" ಎನ್ನುತ್ತಲೇ ಇದ್ದರು, ಖರ್ಚಿಗೆಂದು ದುಡ್ಡನ್ನೂ ಪಡೆಯುತ್ತಿದ್ದರು.

ಆರ್ಡರ್ ಶೀಟ್‌ನ ನಕಲು ತೆಗೆಸಿದೆವು. ವಾದಿ ಗೈರು, ವಾದಿ ಪರ ವಕೀಲರು ಗೈರು, ಪ್ರತಿವಾದಿ ಪರ ವಕೀಲರು ಹಾಜರು, ವಾದಿ ಸಾಕ್ಷ್ಯಕ್ಕೆ ಕೊನೆಯ ಅವಕಾಶ. ಮುಂದಿನ ತಾರೀಖಿನ ಎದುರು "ವಜಾ". ಚಿಕ್ಕಮ್ಮ ಗೋಡೆಯ ಕ್ಯಾಲೆಂಡರ್ ಹಾಳೆ ತಿರುವಿದರು. ಅದೇ ತಾರೀಖಿನ ಚೌಕದಲ್ಲಿ ಅವರದೇ ಅಕ್ಷರ: "ಜಡ್ಜ್ ರಜೆ, ಲಾಯರ್ ಫೋನ್."

"ಇವರ ಮೇಲೆಯೇ ಕೇಸ್ ಹಾಕುತ್ತೇನೆ" ಎಂದರು.

ನಮ್ಮ ತಾಲ್ಲೂಕಿನಲ್ಲಿ ವಕಾಲತ್ತು ವಹಿಸಲು ಯಾರೂ ಒಪ್ಪಲಿಲ್ಲ. ದಿನಾ ಒಟ್ಟಿಗೆ ಚಹಾ ಕುಡಿಯುವವರು, ಹೇಗೆ ಒಪ್ಪಿಯಾರು! ಜಿಲ್ಲಾ ಕೇಂದ್ರದ ಹಿರಿಯ ವಕೀಲರೊಬ್ಬರು ಕಾಗದಗಳನ್ನೆಲ್ಲ ಓದಿ, ಗ್ರಾಹಕರ ವೇದಿಕೆಯ ಆಸೆ ಬಿಡಿ ಎಂದರು. 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವಕೀಲರ ಸೇವೆಯೂ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಎಂದಿತ್ತು. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ವಕೀಲರ ಕೆಲಸದ ಮೇಲೆ ಕಕ್ಷಿದಾರರಿಗೆ ಸಾಕಷ್ಟು ಹಿಡಿತ ಇರುತ್ತದೆ ಎಂಬುದೂ ಅದಕ್ಕೆ ಕೊಟ್ಟ ಕಾರಣಗಳಲ್ಲೊಂದಂತೆ. ನಾನು ಚಿಕ್ಕಮ್ಮನ ಮುಖ ನೋಡಿದೆ.

ಸಿವಿಲ್ ದಾವೆಯ ಬಾಗಿಲು ಮಾತ್ರ ತೆರೆದೇ ಇದೆ. ವಕೀಲ ಎಂಬ ಒಂದೇ ಕಾರಣಕ್ಕೆ ನಿರ್ಲಕ್ಷ್ಯದ ಹೊಣೆಯಿಂದ ಯಾರೂ ತಪ್ಪಿಸಿಕೊಳ್ಳಲಾಗದು ಎಂದು ವಕೀಲರ ಶುಲ್ಕದ 1926ರ ಕಾಯ್ದೆಯೇ ಹೇಳುತ್ತದೆ. ಆದರೆ ಕೇಸು ಸೋತದ್ದೇ ನಿರ್ಲಕ್ಷ್ಯವಲ್ಲ, ವಾದ ಸಪ್ಪೆಯಾದದ್ದೂ ಅಲ್ಲ. "ಅವರು ಹಾಜರಾಗಿದ್ದರೆ ನೀವು ಗೆಲ್ಲುತ್ತಿದ್ದಿರಿ ಎಂದು ತೋರಿಸಬೇಕಮ್ಮಾ. ಎಂದರೆ ಕೊಬ್ಬರಿಯ ಲೆಕ್ಕವನ್ನೇ ಮತ್ತೆ ಮೊದಲಿನಿಂದ ಸಾಬೀತು ಮಾಡಬೇಕು. ಅದರ ಬದಲು ಆ ದಾವೆಯನ್ನೇ ಮೊದಲು ಬದುಕಿಸೋಣ."

ವಜಾ ರದ್ದುಪಡಿಸಲು ಮೂವತ್ತು ದಿನಗಳೊಳಗೆ ಅರ್ಜಿ ಹಾಕಬೇಕಿತ್ತು. ವಿಳಂಬ ಮನ್ನಿಸುವಂತೆ ಇನ್ನೊಂದು ಅರ್ಜಿ ಸೇರಿಸಿ, ವಕೀಲರ ತಪ್ಪಿಗೆ ನಿರಪರಾಧಿ ಕಕ್ಷಿದಾರ ದಂಡ ತೆರಬಾರದು ಎಂದ 1981ರ ಸುಪ್ರೀಂ ಕೋರ್ಟ್ ತೀರ್ಪನ್ನು ಲಗತ್ತಿಸಿದರು. ಹಳೆಯ ವಕೀಲರು ಬಾಕಿ ಶುಲ್ಕ ಕೊಡದೆ ಫೈಲ್ ಕೊಡುವುದಿಲ್ಲ ಎಂದು ಪಟ್ಟು ಹಿಡಿದರು. ಶುಲ್ಕಕ್ಕಾಗಿ ಕಡತ ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಎಂದು ನಮ್ಮ ವಕೀಲರು ಫೋನಿನಲ್ಲಿ ತಣ್ಣಗೆ ನೆನಪಿಸಿದ ಮೇಲೆ, ಮರುದಿನವೇ ಗುಮಾಸ್ತನ ಕೈಯಲ್ಲಿ ಬಂತು.

ಎರಡು ಸಾವಿರ ರೂಪಾಯಿ ವೆಚ್ಚ ವಿಧಿಸಿ ನ್ಯಾಯಾಲಯ ದಾವೆಗೆ ಮರುಜೀವ ಕೊಟ್ಟಿತು. ಹಕ್ಕು ಉಳಿಯಿತು, ಹಾಗಾಗಿ ಪರಿಹಾರ ಕೇಳುವಷ್ಟು ನಷ್ಟ ಉಳಿಯಲಿಲ್ಲ! ಆ ಎರಡು ಸಾವಿರಕ್ಕಾಗಿ ವರ್ಷಗಟ್ಟಲೆ ಅಲೆಯುವುದು ಬೇಡವೆಂದು ಚಿಕ್ಕಮ್ಮನೇ ಹೇಳಿದರು. ಸುಳ್ಳು ಹೇಳಿದ್ದನ್ನು ಮಾತ್ರ ಬಿಡಲು ಅವರು ತಯಾರಿಲ್ಲ. ರಾಜ್ಯ ವಕೀಲರ ಪರಿಷತ್ತಿಗೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ದೂರು ಬರೆಸಿದ್ದಾರೆ. ಅಲ್ಲಿನ ಶಿಸ್ತು ಸಮಿತಿ ತಪ್ಪು ಕಂಡರೆ ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ದೂರಿಗೆ ಆರ್ಡರ್ ಶೀಟ್‌ನ ನಕಲಿನ ಜೊತೆ ಕ್ಯಾಲೆಂಡರಿನ ಆ ಹಾಳೆಯನ್ನೂ ಲಗತ್ತಿಸಲೇಬೇಕು ಎಂಬುದು ಅವರ ಹಟ.