ಮರಳಲ್ಲಿ ಮಲಗಿದವರ ಲೆಕ್ಕ ಇಡುವವರು

ಸ್ಯಾನ್ ಫ್ರಾನ್ಸಿಸ್ಕೋಗೆ ಹೋದವರೆಲ್ಲ ಗೋಲ್ಡನ್ ಗೇಟ್ ಸೇತುವೆ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು, ಅದರ ಬಗ್ಗೆ ಹೇಳೋಕೆ ಹೊಸದೇನೂ ಇಲ್ಲ. ಹೇಳಬೇಕು ಅನ್ನಿಸಿದ್ದು ಅಲ್ಲಿಂದ ದಕ್ಷಿಣಕ್ಕೆ, ಕಡಲಿಗೆ ಅಂಟಿಕೊಂಡೇ ಹೋಗುವ ಒಂದನೇ ನಂಬರಿನ ಹೆದ್ದಾರಿಯಲ್ಲಿ ಸುಮಾರು 90 ಕಿಲೋಮೀಟರ್ ದೂರ ಇರುವ ಆನ್ಯೋ ನುವೇವೋ ಅನ್ನೋ ಜಾಗದ ಬಗ್ಗೆ. ಎಲಿಫೆಂಟ್ ಸೀಲ್ ಅನ್ನೋ ದೈತ್ಯ ಕಡಲ ಪ್ರಾಣಿಗಳು ಮರಿ ಹಾಕೋಕೆ ಬರುವ ತೀರ ಅದು.

ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಅಲ್ಲಿ ನಮ್ಮ ಪಾಡಿಗೆ ನಾವು ಅಡ್ಡಾಡುವ ಹಾಗಿಲ್ಲ. ಮೊದಲೇ ಬುಕ್ ಮಾಡಿ, ಸ್ವಯಂಸೇವಕರ ಜೊತೆ ಗುಂಪಾಗಿ ಹೋಗಬೇಕು. ಮೂರು ಮೈಲಿ ನಡಿಗೆ, ಕೊನೆಕೊನೆಗೆ ಬರೀ ಮರಳುದಿಬ್ಬ. ನಮ್ಮ ಗುಂಪಿಗೆ ಸಿಕ್ಕವರು ಕೆಲಸದಿಂದ ನಿವೃತ್ತರಾದ ಹಿರಿಯ ಹೆಂಗಸು, ನಡಿಗೆಯಲ್ಲಿ ನಮ್ಮೆಲ್ಲರಿಗಿಂತ ಚುರುಕು. ಹೊರಡುವ ಮೊದಲೇ ಹೇಳಿಬಿಟ್ಟರು: ಸೀಲ್‌ನಿಂದ 25 ಅಡಿ ದೂರ ಇರಬೇಕು, ಅದಾಗಿಯೇ ನಿಮ್ಮ ಕಡೆ ಬಂದರೆ ನೀವೇ ಹಿಂದೆ ಹೋಗಿ, ಅದು ನಿಮಗೆ ದಾರಿ ಬಿಡೋದಿಲ್ಲ.

ಕೊನೆಯ ದಿಬ್ಬ ಇಳಿದರೆ ಮರಳ ತುಂಬಾ ಬೂದು, ಕಂದು ಬಣ್ಣದ ರಾಶಿ. ಒಂದೂ ಅಲ್ಲಾಡುತ್ತಿಲ್ಲ. ಜೊತೆಗೆ ಬಂದಿದ್ದ ಗೆಳೆಯನ ಅಮ್ಮ ನನ್ನ ತೋಳು ಹಿಡಿದು, "ಏನಪ್ಪಾ ಇದು, ಎಲ್ಲಾ ಸತ್ತು ಬಿದ್ದಿವೆಯಾ?" ಅಂದರು. "ಇಲ್ಲಮ್ಮ, ನಿದ್ದೆ ಮಾಡ್ತಿವೆ" ಅಂದೆ, ಆದರೆ ನನಗೂ ಅನುಮಾನವೇ. ಹತ್ತಿರದ ಹೆಣ್ಣೊಂದನ್ನೇ ನೋಡುತ್ತಾ ನಿಂತೆವು. ಹೊಟ್ಟೆ ಏಳುತ್ತಿಲ್ಲ, ಇಳಿಯುತ್ತಿಲ್ಲ, ಮೂಗಿನ ಹೊಳ್ಳೆ ಎರಡೂ ಬಿಗಿಯಾಗಿ ಮುಚ್ಚಿವೆ, ಕಣ್ಣಿನಿಂದ ಇಳಿದ ನೀರಿಗೆ ಮರಳು ಮೆತ್ತಿಕೊಂಡು ಕೆನ್ನೆಯುದ್ದಕ್ಕೂ ಕಪ್ಪು ಗೆರೆ. ತುಂಬಾ ಹೊತ್ತಾದ ಮೇಲೆ ಹೊಳ್ಳೆ ಪಟ್ ಅಂತ ತೆರೆಯಿತು, ಜೋರಾಗಿ ಒಂದಷ್ಟು ಸಲ ಉಸಿರಾಡಿತು, ಮುಂಗಾಲಿನ ಈಜುರೆಕ್ಕೆಯಿಂದ ಬೆನ್ನ ಮೇಲೆ ಒಂದು ಹಿಡಿ ಮರಳು ಎರಚಿಕೊಂಡಿತು, ಮತ್ತೆ ಬಂದ್. ನೆಲದ ಮೇಲೆ ಮಲಗಿದಾಗಲೂ ಇವು ಹತ್ತು ನಿಮಿಷಕ್ಕೂ ಜಾಸ್ತಿ ಉಸಿರು ಹಿಡಿಯುತ್ತವಂತೆ.

ಆ ಹೆಣ್ಣಿನ ಈಜುರೆಕ್ಕೆಯಲ್ಲಿ ಸಣ್ಣ ಹಸಿರು ಪ್ಲಾಸ್ಟಿಕ್ ಬಿಲ್ಲೆ ಇತ್ತು. ಹಸಿರು ಅಂದ್ರೆ ಆನ್ಯೋ ನುವೇವೋದಲ್ಲೇ ಬಿಲ್ಲೆ ಹಾಕಿದ್ದು ಅಂತ ಲೆಕ್ಕ, ಬೇರೆ ತೀರದವಕ್ಕೆ ಬೇರೆ ಬಣ್ಣ. ಬಿಲ್ಲೆಯ ನಂಬರು ದೂರದಿಂದ ಕಾಣಲ್ಲ, ಅದಕ್ಕೇ ಮೈಮೇಲೂ ದೊಡ್ಡದಾಗಿ ಬರೆಯುತ್ತಾರೆ, ತಲೆಕೂದಲಿಗೆ ಹಚ್ಚುವ ಹೇರ್ ಡೈಯಲ್ಲಿ! ಆಚೆ ಕಡೆ ಸಂಶೋಧನಾ ವಿದ್ಯಾರ್ಥಿಗಳಿಬ್ಬರು ಡೈ ಬಾಟಲಿ ಹಿಡಿದು, ಬಗ್ಗಿಕೊಂಡು, ಮಲಗಿದ್ದ ಒಂದರ ಹಿಂದಿನಿಂದ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಾ ಹೋಗುತ್ತಿದ್ದರು. ಒಂದು ಅಕ್ಷರ ಮುಗಿಯಿತು, ಎರಡನೆಯದಕ್ಕೆ ಅದು ತಲೆ ಎತ್ತಿತು, ಇಬ್ಬರೂ ಓಟ. ಎಲ್ಲರೂ ನಕ್ಕೆವು. ಈ ಬರಹ ವಸಂತ ಬರುವವರೆಗೆ ಮಾತ್ರ, ಆಮೇಲೆ ಕೂದಲು ಚರ್ಮದ ಸಮೇತ ಸುಲಿದು ಉದುರಿ ಹೊಸದು ಬರುತ್ತೆ. ಇನ್ನೊಂದು ಕಡೆ ಮರಿಯೊಂದನ್ನು ಚೀಲಕ್ಕೆ ಹಾಕಿ, ಮೂರು ಕಾಲಿನ ಸ್ಟ್ಯಾಂಡಿಗೆ ತೂಗುಹಾಕಿ ತೂಕ ನೋಡುತ್ತಿದ್ದರು. ಹುಟ್ಟುವಾಗ 35 ಕಿಲೋ ಆಸುಪಾಸು ಇರುವ ಮರಿ ನಾಲ್ಕು ವಾರ ಹಾಲು ಕುಡಿದು 130 ಕಿಲೋ ಮುಟ್ಟುತ್ತೆ. ಹಾಲಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬು. ಅಷ್ಟೂ ದಿನ ತಾಯಿ ಒಂದು ತುತ್ತೂ ತಿನ್ನಲ್ಲ, ತನ್ನ ತೂಕದ ಮೂರನೇ ಒಂದು ಪಾಲಿಗೂ ಹೆಚ್ಚು ಕಳೆದುಕೊಂಡು, ಒಂದು ದಿನ ಮರಿಯನ್ನು ಅಲ್ಲೇ ಬಿಟ್ಟು ಸಮುದ್ರಕ್ಕೆ ಹೊರಟುಬಿಡುತ್ತೆ. ತಿರುಗಿ ನೋಡೋದೂ ಇಲ್ಲ.

ಗಂಡುಗಳ ಗದ್ದಲ ಬೇರೆ ಕಥೆ. ಎರಡು ಸಾವಿರ ಕಿಲೋ ತೂಗುವ ದೇಹ, ಜೋತುಬಿದ್ದ ಮೂಗು, ಖಾಲಿ ಡ್ರಮ್ಮಿಗೆ ಕೋಲಲ್ಲಿ ಬಡಿದ ಹಾಗೆ ದನಿ. ಪ್ರತಿಯೊಂದರ ಕೂಗಿಗೂ ಅದರದ್ದೇ ಲಯ ಇರುತ್ತೆ, ಎದುರಾಳಿಗಳು ಆ ಲಯದಿಂದಲೇ ಯಾರು ಅಂತ ಗುರುತು ಹಿಡಿಯುತ್ತವೆ. ಹಿಂದೆ ಸೋಲಿಸಿದವನ ಕೂಗು ಕೇಳಿದರೆ ಜಗಳವೇ ಬೇಡ ಅಂತ ಜಾಗ ಖಾಲಿ. ಧ್ವನಿವರ್ಧಕದಲ್ಲಿ ರೆಕಾರ್ಡ್ ಮಾಡಿದ ಕೂಗು ಕೇಳಿಸಿ ಇದನ್ನು ಪರೀಕ್ಷಿಸಿದ್ದು ಇದೇ ತೀರದಲ್ಲಿ. ನಾವು ನೋಡಿದ ಜಗಳ ಅರ್ಧ ನಿಮಿಷವೂ ನಡೆಯಲಿಲ್ಲ, ಸೋತವನು ಓಡುವ ಭರದಲ್ಲಿ ಮರಿಯೊಂದರ ಪಕ್ಕದಲ್ಲೇ ಹಾದುಹೋದ, ಗೆಳೆಯನ ಅಮ್ಮ "ಅಯ್ಯೋ" ಅಂತ ಕಣ್ಣು ಮುಚ್ಚಿಕೊಂಡರು. ಕೆಳಗೆ ಸಿಕ್ಕಿ ಸಾಯುವ ಮರಿಗಳೂ ಇವೆ. ಸ್ವಯಂಸೇವಕಿ ಅದನ್ನು ಮುಚ್ಚಿಡದೆ ಹೇಳಿದರು, ನನಗೆ ಅದು ಇಷ್ಟವಾಯಿತು.

ಇಷ್ಟೊಂದು ಪ್ರಾಣಿಗಳನ್ನು ನೋಡಿದಾಗ ಇವು ಒಮ್ಮೆ ಮುಗಿದೇ ಹೋಗಿದ್ದವು ಅಂದ್ರೆ ನಂಬೋಕೆ ಆಗಲ್ಲ. 19ನೇ ಶತಮಾನದಲ್ಲಿ ದೀಪದ ಎಣ್ಣೆಗಾಗಿ ಇವನ್ನು ಕೊಂದು ಕೊಬ್ಬು ಕರಗಿಸಿದರು. ಕೊನೆಗೆ ಉಳಿದದ್ದು ಮೆಕ್ಸಿಕೋದ ಗ್ವಾಡಲೂಪೆ ದ್ವೀಪದಲ್ಲಿ ಬೆರಳೆಣಿಕೆಯಷ್ಟು. 1892ರಲ್ಲಿ ಅಲ್ಲಿಗೆ ಹೋದ ವಿಜ್ಞಾನಿಗಳು, ಇವು ಇನ್ನೇನು ಇಲ್ಲವಾಗುತ್ತವೆ ಅಂದುಕೊಂಡು, ಸಿಕ್ಕ ಕೆಲವೇ ಕೆಲವದರಲ್ಲಿ ಏಳನ್ನು ಮ್ಯೂಸಿಯಂಗಾಗಿ ಕೊಂದರು. ಆಗಿನ ಸಂಶೋಧನೆ ಅಂದ್ರೆ ಹಾಗೆ! 1922ರಲ್ಲಿ ಮೆಕ್ಸಿಕೋ ಕೊಲ್ಲೋದನ್ನು ನಿಷೇಧಿಸಿತು, ಬೇಗನೆ ಅಮೆರಿಕವೂ ನಿಷೇಧಿಸಿತು. 1955ರಲ್ಲಿ ಆನ್ಯೋ ನುವೇವೋ ಎದುರಿನ ಪುಟ್ಟ ದ್ವೀಪಕ್ಕೆ ಕೆಲವು ಬಂದವು, 1975ರಲ್ಲಿ ಈಚೆಯ ದಡದಲ್ಲಿ ಮೊದಲ ಮರಿ ಹುಟ್ಟಿತು. ಈಗ ಒಟ್ಟು ಎರಡು ಲಕ್ಷಕ್ಕೂ ಜಾಸ್ತಿ ಇವೆ ಅನ್ನೋ ಅಂದಾಜಿದೆ. ಆ ದ್ವೀಪದಲ್ಲಿ ದೀಪಸ್ತಂಭ ನೋಡಿಕೊಳ್ಳುವವರಿಗೆ ಕಟ್ಟಿದ್ದ ಮನೆಯೊಂದಿದೆ, ಮನುಷ್ಯರು ಬಿಟ್ಟುಹೋದ ಮೇಲೆ ಸೀ ಲಯನ್‌ಗಳು ಒಳಗೆ ಸೇರಿಕೊಂಡಿವೆ. ದುರ್ಬೀನಿನಲ್ಲಿ ಮನೆ ಕಾಣಿಸಿತು.

ಸ್ಯಾಂಟಾ ಕ್ರೂಜ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 1960ರ ದಶಕದಿಂದ ಈ ಒಂದೇ ತೀರವನ್ನು ಬಿಡದೆ ನೋಡುತ್ತಿದ್ದಾರೆ. ಅಲ್ಲಿನ ಜೀವವಿಜ್ಞಾನಿ ಬರ್ನಿ ಲೆ ಬೋಫ್ ಶುರುಮಾಡಿದ ಕೆಲಸ ಅದು. ಅಜ್ಜಿ, ಮಗಳು, ಮೊಮ್ಮಗಳು ಅಂತ ಒಂದೇ ವಂಶದ ಲೆಕ್ಕ ಸಿಗುತ್ತೆ. ಇಷ್ಟು ವರ್ಷ ಹೀಗೆ ಬೇಸರವಿಲ್ಲದೆ ಎಣಿಸೋಕೆ ದುಡ್ಡು ಕೊಡುವವರು ಕಮ್ಮಿ, ಎಲ್ಲರಿಗೂ ಹೊಸ ಆವಿಷ್ಕಾರವೇ ಬೇಕು ಅಲ್ವಾ? ಆದರೆ ಆವಿಷ್ಕಾರ ಬಂದದ್ದೂ ಇದರಿಂದಲೇ. ಯಾವ ಹೆಣ್ಣು ಯಾವ ತಿಂಗಳು ಇದೇ ತೀರಕ್ಕೆ ವಾಪಸ್ ಬರುತ್ತೆ ಅಂತ ಗೊತ್ತಿದ್ದರೆ ತಾನೇ ಅದರ ಬೆನ್ನಿಗೆ ದುಬಾರಿ ಯಂತ್ರ ಅಂಟಿಸೋಕೆ ಧೈರ್ಯ ಬರೋದು! ಹಾಗೆ ಅಂಟಿಸಿ ಕಳಿಸಿದ ಯಂತ್ರಗಳು ತಂದ ಸುದ್ದಿ: ಸಮುದ್ರದಲ್ಲಿ ಇವು ಹಗಲೂ ರಾತ್ರಿ ಮುಳುಗುತ್ತಲೇ ಇರುತ್ತವೆ, 500–600 ಮೀಟರ್ ಆಳಕ್ಕೆ ಇಪ್ಪತ್ತು ನಿಮಿಷ ಹೋಗಿ, ಎರಡು ನಿಮಿಷ ಮೇಲೆ ಉಸಿರಾಡಿ, ಮತ್ತೆ ಕೆಳಗೆ. 1,700 ಮೀಟರ್ ದಾಟಿದವೂ ಇವೆ. ಹೋಗುವ ದಾರಿಯ ನೀರಿನ ಉಷ್ಣತೆ, ಉಪ್ಪಿನ ಅಂಶವನ್ನೂ ಅಳೆದು ತರುತ್ತವೆ. 2023ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ತಲೆಗೊಂದು ಟೋಪಿ ಹಾಕಿ ಮೆದುಳಿನ ಅಲೆಗಳನ್ನೇ ದಾಖಲಿಸಿದರು. ಕಡಲಲ್ಲಿ ಇರುವಾಗ ಇವು ದಿನಕ್ಕೆ ಸುಮಾರು ಎರಡು ಗಂಟೆ ಮಾತ್ರ ನಿದ್ದೆ ಮಾಡುತ್ತವೆ, ಅದೂ ಮುಳುಗಿದಾಗಲೇ, ಶಾರ್ಕ್‌ಗಳು ಕಮ್ಮಿ ಇರುವ ಆಳದಲ್ಲಿ, ಗಾಢ ನಿದ್ದೆಗೆ ಜಾರಿ, ಹೊಟ್ಟೆ ಮೇಲಾಗಿ ಸುತ್ತುತ್ತಾ ಕೆಳಕ್ಕೆ. ತೀರದ ಮೇಲೆ ಅಷ್ಟೊಂದು ಮಲಗೋದು ಯಾಕೆ ಅಂತ ಆಗ ಅರ್ಥವಾಯಿತು. ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಮಲಗಲಿ ಬಿಡು ಪಾಪ" ಅಂದರು.

ಎರಡು ಲಕ್ಷ ಅಂತ ಕೇಳಿ ಎಲ್ಲಾ ಸರಿಹೋಯ್ತು ಅಂತ ಮಾತ್ರ ನನಗೆ ಅನ್ನಿಸಲಿಲ್ಲ. ಇವೆಲ್ಲ ಆ ಬೆರಳೆಣಿಕೆಯ ಪ್ರಾಣಿಗಳ ಸಂತಾನ. 1974ರ ಅಧ್ಯಯನವೊಂದರಲ್ಲಿ ರಕ್ತದ ಪ್ರೋಟೀನ್‌ಗಳನ್ನು ಹೋಲಿಸಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಸಿಗಲಿಲ್ಲ. ಹೊಸ ರೋಗ ಬಂದರೆ ತಡೆದುಕೊಳ್ಳುವ ಶಕ್ತಿ ಬೇರೆಬೇರೆ ಪ್ರಾಣಿಗೆ ಬೇರೆಬೇರೆ ಇರಬೇಕು, ಇಲ್ಲಿ ಅದೇ ಕಮ್ಮಿ. ಇವುಗಳ ದಕ್ಷಿಣದ ನೆಂಟರಿಗೆ ಏನಾಯಿತು ಅಂತ ನೋಡಿ: 2023ರಲ್ಲಿ ಅರ್ಜೆಂಟೀನಾದ ವಾಲ್ಡೆಸ್ ತೀರಕ್ಕೆ ಹಕ್ಕಿಜ್ವರ ಬಂದು, ಆ ವರ್ಷ ಹುಟ್ಟಿದ ಮರಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಸತ್ತವು. ಅಂಥದ್ದು ಎಲ್ಲೇ ಬಂದರೂ ಮೊದಲು ಗೊತ್ತಾಗೋದು ದಿನಾ ತೀರದಲ್ಲಿ ನಿಂತು ಬಿಲ್ಲೆ ನಂಬರು ಓದುವವರಿಗೆ.

ಹೋಗೋರಿಗೆ ಒಂದೆರಡು ಮಾತು. ಗಾಳಿ ಭಯಂಕರ, ದಪ್ಪ ಜಾಕೆಟ್ ಇರಲಿ, ದುರ್ಬೀನು ಇದ್ದರೆ ಒಳ್ಳೆಯದು. ಜಗಳ, ಮರಿ, ಗದ್ದಲ ಎಲ್ಲ ಬೇಕು ಅಂದ್ರೆ ಜನವರಿ ಕೊನೆ. ನನ್ನ ಕೇಳಿದ್ರೆ ಮಾರ್ಚ್ ಚೆನ್ನ. ದೊಡ್ಡವು ಬಹುಪಾಲು ಹೊರಟುಹೋಗಿರುತ್ತವೆ, ಹಾಲು ಬಿಟ್ಟ ಮರಿಗಳು ಗುಂಪುಕಟ್ಟಿಕೊಂಡು, ಯಾರೂ ಹೇಳಿಕೊಡದೆ, ದಡದ ಕೊಳಗಳಲ್ಲಿ ತಾವೇ ಈಜು ಕಲಿಯುತ್ತಿರುತ್ತವೆ.