ಎಲೆಕ್ಟ್ರಿಷಿಯನ್ ಆಗಲು ಐಟಿಐ ಸಾಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ನನ್ನ ಫೋನಿಗೆ ಕರೆಗಳು ಶುರು. "ಅಣ್ಣಾ, ನಮ್ಮ ಹುಡುಗನಿಗೆ ಕರೆಂಟ್ ಕೆಲಸ ಅಂದ್ರೆ ಇಷ್ಟ. ಐಟಿಐಗೆ ಹಾಕಿದರೆ ಸಾಕಾ? ಲೈಸೆನ್ಸ್ ಅದರ ಜೊತೆಗೇ ಬರುತ್ತಾ?" ನಾನು ವೈರಿಂಗ್ ಗುತ್ತಿಗೆ ಮಾಡುವವನು. ಹಾಗಾಗಿ ಸಂಬಂಧಿಕರು, ಅವರ ಪರಿಚಯದವರು, ಸೈಟಿನಲ್ಲಿ ಸಿಗುವ ಗಾರೆ ಮೇಸ್ತ್ರಿಗಳು, ಎಲ್ಲರೂ ಕೇಳುವುದು ಇದನ್ನೇ. ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ಲೈಸೆನ್ಸ್ ಐಟಿಐ ಜೊತೆಗೆ ಬರುವುದಿಲ್ಲ. ಐಟಿಐ ಮುಗಿಸಿದರೆ ಕೈಗೆ ಬರುವುದು ಕಲಿತಿದ್ದೇನೆ ಎಂಬ ಸರ್ಟಿಫಿಕೇಟ್. ಬೇರೆಯವರ ಮನೆಯಲ್ಲಿ ವೈರಿಂಗ್ ಮಾಡಲು ರಾಜ್ಯ ಸರ್ಕಾರ ಕೊಡುವ ಪರ್ಮಿಟ್ ಬೇರೆ. ಸ್ವಂತವಾಗಿ ಗುತ್ತಿಗೆ ಹಿಡಿಯಲು ಬೇಕಾದ ಲೈಸೆನ್ಸ್ ಇನ್ನೂ ಬೇರೆ. ಈ ಮೂರನ್ನೂ ಜನ ಒಂದೇ ಅಂದುಕೊಂಡಿದ್ದಾರೆ. ಐಟಿಐ ಮುಗಿಸಿ ವರ್ಷಗಟ್ಟಲೆ ಕೆಲಸ ಮಾಡಿದ ಹುಡುಗರಿಗೂ ಪರ್ಮಿಟ್ ಅಂತ ಒಂದಿದೆ ಎಂದು ಗೊತ್ತಿರುವುದಿಲ್ಲ. ಅವರಿಗೆ ಯಾರೂ ಹೇಳಿರುವುದಿಲ್ಲ. ನನಗೆ ಬೇಸರವಾಗುವುದು ಅಲ್ಲೇ.

ಕಾನೂನು ಏನು ಹೇಳುತ್ತದೆ ನೋಡಿ. ಗ್ರಾಹಕರ ಜಾಗದಲ್ಲಿ ಹೊಸ ವೈರಿಂಗ್ ಇರಲಿ, ಇದ್ದದ್ದನ್ನು ಹೆಚ್ಚಿಸುವುದಿರಲಿ, ರಿಪೇರಿ ಇರಲಿ, ಅದನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರನೇ ಮಾಡಿಸಬೇಕು. ಅರ್ಹತಾ ಪತ್ರ ಇರುವ ಸೂಪರ್‌ವೈಸರ್ ಎದುರಿಗಿದ್ದು ನೋಡಿಕೊಳ್ಳಬೇಕು. ಕೈಯಿಂದ ಕೆಲಸ ಮಾಡುವವನ ಹತ್ತಿರ ಪರ್ಮಿಟ್ ಇರಬೇಕು. ಇದು ಇವತ್ತಿನ ನಿಯಮ ಅಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೇ ನಿಯಮವಾಗಿ ಇತ್ತು. ಆಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ, ಮತ್ತೆ 2023ರಲ್ಲಿ ತಂದ ಸುರಕ್ಷತಾ ನಿಯಮಗಳಲ್ಲೂ ಮುಂದುವರಿದಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸುವಂಥ ಸಣ್ಣ ಕೆಲಸಕ್ಕೆ ವಿನಾಯಿತಿ ಇದೆ. ಅದೂ ಲೋಡು ಮತ್ತು ವೈರಿಂಗಿನ ಸ್ವರೂಪ ಬದಲಾಗದಿದ್ದರೆ ಮಾತ್ರ. ಗೀಸರಿಗೆ ಹೊಸ ಲೈನ್ ಎಳೆದರೆ ಅದು ಸಣ್ಣ ಕೆಲಸ ಅಲ್ಲ.

ಈಗ ಐಟಿಐ ವಿಷಯಕ್ಕೆ ಬರೋಣ. ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ್ದು. ಹತ್ತನೇ ತರಗತಿಯನ್ನು ವಿಜ್ಞಾನ, ಗಣಿತದ ಜೊತೆಗೆ ಪಾಸು ಮಾಡಿರಬೇಕು. ವೈರ್‌ಮನ್ ಅಂತ ಇನ್ನೊಂದು ಟ್ರೇಡ್ ಇದೆ, ಅದೂ ಎರಡು ವರ್ಷ. ಎಂಟನೇ ತರಗತಿ ಪಾಸಾದವರೂ ಅದಕ್ಕೆ ಸೇರಬಹುದು. ಹತ್ತರಲ್ಲಿ ಫೇಲಾದ ಹುಡುಗನ ಕಥೆ ಮುಗಿಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂರುವ ತಂದೆತಾಯಿಗೆ ನಾನು ಮೊದಲು ಹೇಳುವುದೇ ಈ ಟ್ರೇಡಿನ ಹೆಸರು. ನಮ್ಮಲ್ಲಿ ಸರ್ಕಾರಿ ಐಟಿಐಗಳನ್ನು ನಡೆಸುವುದು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ. ಅಂಕದ ಮೇಲೆ ಸೀಟು. ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ಒಂದು ಯೂನಿಟ್‌ಗೆ 20 ಸೀಟು ಮಾತ್ರ. ಬೇಡಿಕೆ ಜಾಸ್ತಿ. ಅದಕ್ಕೇ ಅರ್ಜಿ ಕರೆದ ತಕ್ಷಣ ಹಾಕಿ, ಕೊನೆ ದಿನದವರೆಗೆ ಕಾಯಬೇಡಿ.

ಖಾಸಗಿ ಐಟಿಐಗೆ ಸೇರಿಸುವುದಾದರೆ ಕಟ್ಟಡ ನೋಡಿ ದುಡ್ಡು ಕಟ್ಟಬೇಡಿ, ವರ್ಕ್‌ಶಾಪ್ ನೋಡಿ. ಬಿಚ್ಚಿ ಜೋಡಿಸಲು ಮೋಟಾರುಗಳು ಇವೆಯಾ? ವೈರಿನ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಇದೆಯಾ, ಅದು ಕೆಲಸ ಮಾಡುತ್ತಾ? ಹುಡುಗರು ಬೋರ್ಡ್ ಮೇಲೆ ವೈರಿಂಗ್ ಮಾಡಿದ ಗುರುತು ಕಾಣುತ್ತಾ, ಇಲ್ಲ ಎಲ್ಲ ಹೊಸದಾಗಿ ಹೊಳೆಯುತ್ತಿದೆಯಾ? ಆ ಟ್ರೇಡಿಗೆ ಕೇಂದ್ರ ಸರ್ಕಾರದ ಮಾನ್ಯತೆ (ಹಿಂದೆ ಎನ್‌ಸಿವಿಟಿ ಮಾನ್ಯತೆ ಅನ್ನುತ್ತಿದ್ದದ್ದು) ಇದೆಯಾ ಅಂತ ನೇರವಾಗಿ ಕೇಳಿ. "ಹಾಜರಾತಿ ನಾವು ನೋಡಿಕೊಳ್ಳುತ್ತೇವೆ, ಪರೀಕ್ಷೆಗೆ ಬಂದರೆ ಸಾಕು" ಅನ್ನುವ ಕಡೆಯಿಂದ ಎದ್ದು ಬನ್ನಿ. ನನ್ನ ಹತ್ತಿರ ಕೆಲಸಕ್ಕೆ ಬಂದ ಒಬ್ಬ ಹುಡುಗ ಅಂಥ ಒಂದು ಕಡೆ ಓದಿದವನು. ಅಂಕ ಚೆನ್ನಾಗಿತ್ತು. ಮೆಗ್ಗರನ್ನು ಅವನು ಮೊದಲ ಸಲ ಮುಟ್ಟಿದ್ದು ನಮ್ಮ ಸೈಟಿನಲ್ಲಿ. ತಪ್ಪು ಅವನದಲ್ಲ. ಅವನ ಎರಡು ವರ್ಷವನ್ನು ದೊಡ್ಡವರು ಹಾಳು ಮಾಡಿದ್ದರು.

ಎರಡು ವರ್ಷ ಮುಗಿದ ಮೇಲೆ ಅಖಿಲ ಭಾರತ ಮಟ್ಟದ ಟ್ರೇಡ್ ಟೆಸ್ಟ್. ಪಾಸಾದರೆ ಎನ್‌ಟಿಸಿ, ಅಂದರೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್. ಇದನ್ನು ಇಟ್ಟುಕೊಂಡು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ. ಓದಿನಲ್ಲಿ ಚುರುಕಿರುವ ಮಕ್ಕಳನ್ನು ಆ ಕಡೆ ಕಳಿಸಿ.

ಆದರೆ ನನ್ನನ್ನು ಕೇಳಿದರೆ, ಐಟಿಐ ಮುಗಿದ ಕೂಡಲೇ ದುಡಿಮೆಗೆ ಇಳಿಯದೆ ಒಂದು ವರ್ಷ ಅಪ್ರೆಂಟಿಸ್ ಮಾಡಲೇಬೇಕು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ದೊಡ್ಡ ಕಾರ್ಖಾನೆಗಳು, ಸರ್ಕಾರಿ ಕಂಪನಿಗಳು ಕಲಿಯುವವರನ್ನು ತೆಗೆದುಕೊಳ್ಳಬೇಕು, ತಿಂಗಳಿಗೆ ಸ್ಟೈಪೆಂಡ್ ಕೊಡಬೇಕು. ಎಚ್‌ಎಎಲ್, ಬಿಇಎಲ್, ಬಿಎಚ್‌ಇಎಲ್, ರೈಲ್ವೆ, ಕರೆಂಟ್ ಪೂರೈಸುವ ನಮ್ಮ ಎಸ್ಕಾಂ ಕಂಪನಿಗಳು ಆಗಾಗ ಅರ್ಜಿ ಕರೆಯುತ್ತವೆ. ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಇಟ್ಟಿರಬೇಕು. "ಸ್ಟೈಪೆಂಡ್ ಕಡಿಮೆ, ಪಾಯಿಂಟ್ ಲೆಕ್ಕದಲ್ಲಿ ಕೆಲಸ ಮಾಡಿದರೆ ಅದಕ್ಕಿಂತ ಜಾಸ್ತಿ ಸಿಗುತ್ತೆ" ಅಂತ ಹುಡುಗರು ಬಿಡುತ್ತಾರೆ (ಪಾಯಿಂಟ್ ಅಂದರೆ ಒಂದೊಂದು ದೀಪ, ಫ್ಯಾನು, ಪ್ಲಗ್ಗಿನ ಜಾಗ). ಆ ವರ್ಷ ಅವರಿಗೆ ದೊಡ್ಡ ಪ್ಯಾನೆಲ್, ತ್ರೀ ಫೇಸ್ ಮೋಟಾರು, ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತು ಕಲಿಯಲು ಸಿಗುತ್ತದೆ. ಮನೆ ವೈರಿಂಗಿನಲ್ಲಿ ಅದು ಯಾವತ್ತೂ ಸಿಗುವುದಿಲ್ಲ. ಜೊತೆಗೆ ಕೊನೆಯಲ್ಲಿ ಎನ್‌ಎಸಿ, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಅನ್ನುವ ಇನ್ನೊಂದು ಸರ್ಟಿಫಿಕೇಟ್.

ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಶಿಸ್ತು ಕಲಿಯುತ್ತಾರೆ. ಸಪ್ಲೈ ಆಫ್ ಮಾಡಬೇಕು. ಬೇರೆಯವರು ಆನ್ ಮಾಡದಂತೆ ಬೀಗ ಹಾಕಿ ಬೋರ್ಡ್ ತಗುಲಿಸಬೇಕು. ಟೆಸ್ಟ್ ಮಾಡಿ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಕೈ ಹಾಕಬೇಕು. ಲೈನ್ ಮೇಲೆ ಕೆಲಸ ಮಾಡುವವರು "ಎಲ್‌ಸಿ ತಗೊಂಡ್ರಾ?" ಅಂತ ಕೇಳುವುದು ಇದನ್ನೇ. ಲೈನ್ ಕ್ಲಿಯರ್ ಇಲ್ಲದೆ ಕಂಬ ಹತ್ತುವಂತಿಲ್ಲ. ಮನೆ ಕೆಲಸದಲ್ಲಿ ಈ ಅಭ್ಯಾಸ ಯಾರೂ ಕಲಿಸುವುದಿಲ್ಲ. ಟೆಸ್ಟರ್ ಮುಟ್ಟಿಸಿ ದೀಪ ಹತ್ತಲಿಲ್ಲ ಅಂದರೆ ಸಾಕು, ಬರಿಗೈ ಹಾಕಿಬಿಡುತ್ತಾರೆ. ಕಡ್ಡಿಯಂಥ ಆ ಟೆಸ್ಟರ್ ಒಳಗಿನ ದೀಪ ಕೆಟ್ಟಿದ್ದರೂ ಹತ್ತುವುದಿಲ್ಲ ಅಲ್ವಾ? ಮೊದಲು ಕರೆಂಟ್ ಇರುವ ಕಡೆ ಟೆಸ್ಟರ್ ಸರಿಯಿದೆಯೇ ಅಂತ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ನೋಡಬೇಕು. ನನ್ನ ಹತ್ತಿರ ಕೆಲಸಕ್ಕೆ ಬರುವ ಹುಡುಗರಿಗೆ ಮೊದಲ ಪಾಠ ಇದೇ.

ಇನ್ನು ಪರ್ಮಿಟ್. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಇಂಧನ ಇಲಾಖೆಯ ಕೆಳಗೆ ಬರುವ ವಿದ್ಯುತ್ ಪರಿವೀಕ್ಷಣಾಲಯ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಕಚೇರಿಗೆ ಹೋಗಿ ಲೈಸೆನ್ಸ್ ಕೇಳಿದರೆ ಅವರು ಕೊಡಲಾರರು, ಅವರು ಕರೆಂಟ್ ಮಾರುವವರು. ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸ್, ಎಲ್ಲವೂ ಪರಿವೀಕ್ಷಣಾಲಯದಿಂದಲೇ. ಐಟಿಐ ಆದವನು ಸರ್ಟಿಫಿಕೇಟ್ ಮತ್ತು ಅನುಭವದ ಪತ್ರ ಇಟ್ಟುಕೊಂಡು ವೈರ್‌ಮನ್ ಪರ್ಮಿಟ್‌ನಿಂದ ಶುರು ಮಾಡಬೇಕು. ಸೂಪರ್‌ವೈಸರ್ ಮಟ್ಟಕ್ಕೆ ಡಿಪ್ಲೊಮಾ, ಬಿಇ ಆದವರಿಗೆ ದಾರಿ ಹತ್ತಿರ. ಅನುಭವದ ಪತ್ರ ಬಹಳ ಮುಖ್ಯ. ಅದಕ್ಕೇ ಹೇಳುತ್ತೇನೆ, ಲೈಸೆನ್ಸ್ ಇರುವ ಗುತ್ತಿಗೆದಾರನ ಹತ್ತಿರವೇ ಕೆಲಸಕ್ಕೆ ಸೇರಿ, ಹೆಸರು ದಾಖಲೆಯಲ್ಲಿ ಬರುವಂತೆ ನೋಡಿಕೊಳ್ಳಿ. ಲೈಸೆನ್ಸ್ ಇಲ್ಲದವನ ಹತ್ತಿರ ಎಷ್ಟು ವರ್ಷ ದುಡಿದರೂ ಕಾಗದದ ಮೇಲೆ ಸೊನ್ನೆ.

ಗುತ್ತಿಗೆದಾರನ ಲೈಸೆನ್ಸಿಗೆ ಬೇಕಾಗುವುದು ಇನ್ನೂ ಜಾಸ್ತಿ. ಪರ್ಮಿಟ್ ಇರುವ ಸೂಪರ್‌ವೈಸರ್, ವೈರ್‌ಮನ್‌ಗಳು ನಿಮ್ಮ ಜೊತೆ ಇರಬೇಕು. ಮೆಗ್ಗರ್, ಅರ್ತ್ ಟೆಸ್ಟರ್‌ನಂಥ ಉಪಕರಣ ನಿಮ್ಮದೇ ಇರಬೇಕು. ಅವಧಿ ಮುಗಿಯುವ ಮುಂಚೆ ನವೀಕರಿಸಬೇಕು. ಅರ್ಜಿ ನಮೂನೆ, ಶುಲ್ಕ ಆಗಾಗ ಬದಲಾಗುತ್ತವೆ. ಅದನ್ನು ಇಲಾಖೆಯ ಜಾಲತಾಣದಲ್ಲೇ ನೋಡಿ, ಮಧ್ಯವರ್ತಿಯನ್ನು ಕೇಳಬೇಡಿ.

ಇಲ್ಲಿ ಒಂದು ಕೆಟ್ಟ ಪದ್ಧತಿಯ ಬಗ್ಗೆ ಹೇಳಲೇಬೇಕು. ಹೊಸ ಮನೆಗೆ ಕರೆಂಟ್ ಕೇಳುವಾಗ ವೈರಿಂಗ್ ಮುಗಿದ ವರದಿ ಕೊಡಬೇಕು, ಅದಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರನ ಸಹಿ ಬೇಕು. ವೈರಿಂಗ್ ಮಾಡಿದವನು ಒಬ್ಬ, ಸಹಿ ಹಾಕುವವನು ಇನ್ನೊಬ್ಬ. ಸಹಿ ಹಾಕಿದವನು ಆ ಮನೆ ನೋಡಿಯೇ ಇರುವುದಿಲ್ಲ. ವರದಿಯಲ್ಲಿ ಇನ್ಸುಲೇಷನ್ ಟೆಸ್ಟ್ ಮಾಡಿದ್ದೇವೆ ಅಂತ ಬರೆದಿರುತ್ತಾರೆ. 500 ವೋಲ್ಟ್ ಡಿಸಿ ಕೊಟ್ಟು ಒಂದು ನಿಮಿಷ ನೋಡಿದಾಗ ಕನಿಷ್ಠ 1 ಮೆಗಾಓಮ್ ಬರಬೇಕು ಅನ್ನುವುದು ನಿಯಮ. ಮೆಗ್ಗರ್ ಪೆಟ್ಟಿಗೆಯಿಂದ ಹೊರಗೇ ಬಂದಿರುವುದಿಲ್ಲ, ಅಂಕಿ ಮಾತ್ರ ಕಾಗದದ ಮೇಲೆ ಬಂದಿರುತ್ತದೆ. ಮುಂದೆ ಮಳೆಗಾಲದಲ್ಲಿ ಗೋಡೆ ತೇವ ಹಿಡಿದು, ಸ್ನಾನದ ಮನೆಯ ನಲ್ಲಿ ಮುಟ್ಟಿದವರಿಗೆ ಶಾಕ್ ಹೊಡೆದಾಗ ಕೇಳಲು ಯಾರೂ ಇರುವುದಿಲ್ಲ. ಪರ್ಮಿಟ್, ಲೈಸೆನ್ಸ್ ಅಂದರೆ ಇದೇ. ಈ ವೈರಿಂಗಿಗೆ ನಾನು ಜವಾಬ್ದಾರ ಅಂತ ಹೆಸರು ಹಾಕಿ ಹೇಳುವುದು. ಲೈಸೆನ್ಸ್ ಸಿಕ್ಕ ಮೇಲೆ ಸಹಿ ಮಾರಿಕೊಳ್ಳುವುದಾದರೆ ದಯವಿಟ್ಟು ಈ ಕೆಲಸಕ್ಕೆ ಬರಬೇಡಿ.

ಮನೆ ಕಟ್ಟಿಸುವವರಿಗೂ ಒಂದು ಮಾತು. ಪಾಯಿಂಟಿಗೆ ಎಷ್ಟು ಅಂತ ಚೌಕಾಶಿ ಮಾಡುವ ಮುಂಚೆ ಪರ್ಮಿಟ್ ತೋರಿಸಿ ಅಂತ ಕೇಳಿ. ದೀಪಕ್ಕೆ 1.5, ಪವರ್ ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್ ವೈರ್ ಹಾಕುವುದು ಸಾಮಾನ್ಯ ಪದ್ಧತಿ. ಕಡಿಮೆ ದರ ಹೇಳಿದವನು ಎಲ್ಲಿ ಉಳಿಸುತ್ತಾನೆ ಅಂದರೆ ಇಲ್ಲೇ. ಅರ್ತಿಂಗ್‌ನಲ್ಲೂ ಉಳಿಸುತ್ತಾನೆ. ಕರೆಂಟ್ ಸೋರಿದರೆ ತಾನೇ ಸಪ್ಲೈ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಬೇಡ ಅನ್ನುವವನನ್ನು ಅಂತೂ ಮನೆಯೊಳಗೆ ಬಿಡಬೇಡಿ.

ಲೈನ್‌ಮ್ಯಾನ್ ಕೆಲಸದ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅದು ಬೇರೆಯೇ ದಾರಿ. ಕೆಪಿಟಿಸಿಎಲ್ ಮತ್ತು ಎಸ್ಕಾಂಗಳ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಅಂಕವೇ ಆಧಾರ, ಜೊತೆಗೆ ದೇಹದಾರ್ಢ್ಯ ಪರೀಕ್ಷೆ. 2024ರಲ್ಲಿ ಕರೆದಾಗ 8 ಮೀಟರ್ ಕಂಬ ಹತ್ತುವುದು ಕಡ್ಡಾಯವಾಗಿತ್ತು. ವೈರಿಂಗ್ ಪರ್ಮಿಟ್ ಅಲ್ಲಿ ಕೇಳುವುದಿಲ್ಲ.

"ನಮ್ಮ ಹುಡುಗ ಐಟಿಐ ಮಾಡಿಲ್ಲ, ಚಿಕ್ಕಂದಿನಿಂದ ಮೇಸ್ತ್ರಿ ಜೊತೆ ಹೆಲ್ಪರ್ ಆಗಿ ಕಲಿತಿದ್ದಾನೆ, ಅವನಿಗೇನು?" ಈ ಪ್ರಶ್ನೆ ಕೇಳುವವರ ಮೇಲೆ ನನಗೆ ವಿಶೇಷ ಅಕ್ಕರೆ. ಈ ಹುಡುಗರ ಕೈ ಚೆನ್ನಾಗಿರುತ್ತದೆ. ಕಾಂಕ್ರೀಟ್ ಹಾಕುವ ಮುಂಚಿನ ಸ್ಲ್ಯಾಬ್ ಪೈಪಿಂಗನ್ನು ಅವರಷ್ಟು ಅಚ್ಚುಕಟ್ಟಾಗಿ ಮಾಡುವವರು ಕಡಿಮೆ. ಲೋಡ್ ಲೆಕ್ಕ ಕೇಳಿದರೆ ಮಾತ್ರ ತಡವರಿಸುತ್ತಾರೆ. ಅಂಥವರು ಉಜಿರೆಯ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆಯ ಹೆಸರು ಕೇಳಿರಬಹುದು. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್ ಮತ್ತು ಎರಡು ಬ್ಯಾಂಕುಗಳು ಸೇರಿ ಶುರು ಮಾಡಿದ್ದು. ಅದೇ ಮಾದರಿಯ ಆರ್‌ಸೆಟಿಗಳು ಈಗ ದೇಶದ ಉದ್ದಗಲಕ್ಕೂ ಇವೆ. ಮನೆ ವೈರಿಂಗ್, ಮೋಟಾರ್ ರಿವೈಂಡಿಂಗ್ ತರಬೇತಿ ಊಟ ವಸತಿ ಸಮೇತ ಉಚಿತ, ಸುಮಾರು ಒಂದು ತಿಂಗಳು. ಒಂದು ತಿಂಗಳಲ್ಲಿ ಯಾರೂ ಎಲೆಕ್ಟ್ರಿಷಿಯನ್ ಆಗುವುದಿಲ್ಲ. ಆದರೆ ಆಗಲೇ ಕೆಲಸ ಗೊತ್ತಿರುವವನಿಗೆ ಆ ತಿಂಗಳು ಬಹಳ ಉಪಯೋಗ. ಕೆಲಸದ ಅನುಭವ ಇರುವವರು ಟ್ರೇಡ್ ಟೆಸ್ಟನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಲು ಅವಕಾಶ ಇದೆ. ಪರಿವೀಕ್ಷಣಾಲಯ ನಡೆಸುವ ವೈರ್‌ಮನ್ ಪರೀಕ್ಷೆ ಇನ್ನೊಂದು ದಾರಿ. ಹತ್ತಿರದ ಐಟಿಐ ಮತ್ತು ಜಿಲ್ಲೆಯ ಪರಿವೀಕ್ಷಕರ ಕಚೇರಿ, ಎರಡು ಕಡೆಯೂ ಹೋಗಿ ವಿಚಾರಿಸಿ.

ಹೆಣ್ಣುಮಕ್ಕಳ ವಿಷಯ ಕೇಳುವವರು ಕಡಿಮೆ, ನಾನೇ ಹೇಳುತ್ತೇನೆ. ಐಟಿಐನಲ್ಲಿ ಹುಡುಗಿಯರಿಗೆ ಮೀಸಲು ಸೀಟುಗಳಿವೆ. ಪ್ಯಾನೆಲ್ ವೈರಿಂಗ್, ಟೆಸ್ಟಿಂಗ್ ವಿಭಾಗಗಳಲ್ಲಿ ಅವರು ಬಹಳ ಚೆನ್ನಾಗಿ ಕೆಲಸ ಮಾಡುತ್ತಾರೆ. ಮಗಳಿಗೆ ಇಷ್ಟ ಇದ್ದರೆ ತಡೆಯಬೇಡಿ.

ಕೊನೆಗೆ ಗಲ್ಫ್. ಕರಾವಳಿ ಕಡೆಯಿಂದ ಈ ಪ್ರಶ್ನೆ ಜಾಸ್ತಿ. ಸೌದಿಗೆ ಎಲೆಕ್ಟ್ರಿಷಿಯನ್ ಆಗಿ ಹೋಗುವವರು ಈಗ ಹೊರಡುವ ಮುಂಚೆ ಭಾರತದಲ್ಲೇ ಸೌದಿಯವರ ಕೌಶಲ್ಯ ಪರೀಕ್ಷೆ ಪಾಸಾಗಬೇಕು, ಥಿಯರಿ ಪ್ರಾಕ್ಟಿಕಲ್ ಎರಡೂ ಇರುತ್ತವೆ. ನಮ್ಮ ರಾಜ್ಯದ ಪರ್ಮಿಟ್ ಅಲ್ಲಿ ನಡೆಯುವುದಿಲ್ಲ, ಎನ್‌ಟಿಸಿ ಮತ್ತು ಅನುಭವದ ಪತ್ರಕ್ಕೆ ಬೆಲೆ ಇದೆ. ಹತ್ತನೇ ತರಗತಿ ಪಾಸಾಗಿದ್ದರೆ ಪಾಸ್‌ಪೋರ್ಟ್‌ನಲ್ಲಿ ಎಮಿಗ್ರೇಷನ್ ಅನುಮತಿಯ ತೊಡಕು ಇರುವುದಿಲ್ಲ. ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತನೇ ಅಂತ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕೋಣ ಅನ್ನುವವರ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ. ಹೋಗುವ ಮುಂಚೆ ಎನ್‌ಟಿಸಿ, ಎನ್‌ಎಸಿ, ಅನುಭವದ ಪತ್ರಗಳ ಮೂಲ ಪ್ರತಿ ನಿಮ್ಮ ಜೊತೆಗಿರಲಿ, ಒಂದೊಂದು ನಕಲನ್ನು ಮನೆಯಲ್ಲಿ ಬಿಟ್ಟು ಹೋಗಿ.