ದುಡ್ಡು ಹೋಗಿದ್ದರೆ ಮತ್ತೆ ಕಟ್ಟಬೇಡಿ

2023ರ ಮೇ ತಿಂಗಳ ನಾಲ್ಕನೇ ಶನಿವಾರ. ಬೆಳಗ್ಗೆ ಏಳು ಗಂಟೆಗೆ ಚಿಕ್ಕಿಯ ಫೋನು ಬಂತು. ಆ ಹೊತ್ತಿಗೆ ಅವಳು ಕೊಟ್ಟಿಗೆಯಲ್ಲಿ ಇರುತ್ತಾಳೆ, ಫೋನ್ ಮಾಡುವ ಹೊತ್ತೇ ಅಲ್ಲ. "ತಮಾ, ಪುಣೆಯವು ಎರಡು ಸಲ ದುಡ್ಡು ಕಟ್ಟಿದ್ವಡ. ನನ್ನ ಪಟ್ಟೀಲಿ ಒಂದೂ ಬಂಜಿಲ್ಲೆ" ಅಂದಳು. ದನಿ ಜೋರಾಗಿರಲಿಲ್ಲ. ಆದರೆ ಚಿಕ್ಕಿ ನನಗೆ ಗೊತ್ತು. ಊರಲ್ಲಿ ಯಾರದ್ದೂ ಒಂದು ರೂಪಾಯಿ ಬಾಕಿ ಇಟ್ಟುಕೊಂಡವಳಲ್ಲ. ಮುಖ ನೋಡದ ಯಾವುದೋ ಗಿರಾಕಿಯ 640 ರೂಪಾಯಿ ತನ್ನ ಹೆಸರಲ್ಲಿ ಎಲ್ಲೋ ಸಿಕ್ಕಿಕೊಂಡಿದೆ ಅಂತ ಅವಳಿಗೆ ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ.

ಚಿಕ್ಕಿಯ ಮನೆ ಶಿರಸಿ ಹತ್ತಿರದ ಒಂದು ಹಳ್ಳಿ. ಹಲಸಿನ ಹಪ್ಪಳ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಮೊದಲೆಲ್ಲ ವಾಟ್ಸಾಪಿನಲ್ಲೇ ಆರ್ಡರು. ಜನ ಯುಪಿಐನಲ್ಲಿ ದುಡ್ಡು ಹಾಕಿ ಸ್ಕ್ರೀನ್‌ಶಾಟ್ ಕಳಿಸುತ್ತಿದ್ದರು, ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಹತ್ತು ಆರ್ಡರ್ ಇದ್ದಾಗ ಅದು ಸಾಕಿತ್ತು. ಬೇಸಿಗೆಯಲ್ಲಿ ಒಂದೇ ದಿನ ಇಪ್ಪತ್ತು ಬಂದಾಗ ಯಾವ ಸ್ಕ್ರೀನ್‌ಶಾಟ್ ಯಾರದ್ದು ಅಂತ ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯುತ್ತಿತ್ತು. ಹಲಸಿನ ಹಪ್ಪಳಕ್ಕೆ ಸಮಯ ಕಡಿಮೆ. ಬಲಿತ ಕಾಯಿ ಸಿಗುವುದು, ಬಿಸಿಲು ಗಟ್ಟಿ ಇರುವುದು, ಎರಡೂ ಏಪ್ರಿಲ್-ಮೇನಲ್ಲಿ. ಮಳೆ ಹಿಡಿದರೆ ಮುಗೀತು. ಹಾಗಾಗಿ ನಾನೇ ಒಂದು ಸಣ್ಣ ಸೈಟ್ ಮಾಡಿ, ಗಿರಾಕಿಯ ದುಡ್ಡನ್ನು ಅಂಗಡಿಯ ಖಾತೆಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಜೋಡಿಸಿಕೊಡುತ್ತೇನೆ ಅಂತ ಒಪ್ಪಿಕೊಂಡೆ. ಬೆಂಗಳೂರಿನಲ್ಲಿ ನನ್ನ ಕೆಲಸವೂ ಸಾಫ್ಟ್‌ವೇರಿನದ್ದೇ. ಎರಡು ವಾರದಲ್ಲಿ ಆಗುತ್ತೆ ಅಂದುಕೊಂಡಿದ್ದೆ. ಖಾತೆ ತೆರೆಯುವುದಕ್ಕೇ ಐದು ವಾರ ಹಿಡಿಯಿತು.

ಆ ಐದು ವಾರದ್ದು ಹೇಳಲೇಬೇಕು, ಏಕೆಂದರೆ ಹಳ್ಳಿಯಿಂದ ವ್ಯಾಪಾರ ಶುರು ಮಾಡುವ ಬಹಳಷ್ಟು ಜನ ಇಲ್ಲಿಯೇ ಸೋತು ಕೈಬಿಡುತ್ತಾರೆ. ಗೇಟ್‌ವೇ ಕಂಪನಿಗೆ ಚಿಕ್ಕಿಯ ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಒಂದು ರದ್ದು ಮಾಡಿದ ಚೆಕ್ಕು, ಆಹಾರ ಮಾರುವುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕಿತ್ತು. ಕೊನೆಯದ್ದು ಭಯ ಹುಟ್ಟಿಸಿತ್ತು, ಆದರೆ ಅದೇ ಎಲ್ಲಕ್ಕಿಂತ ಸುಲಭವಾಯಿತು. ಆಗ ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ಸಾದಾ ನೋಂದಣಿ ಸಾಕಿತ್ತು, ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. 14 ಅಂಕಿಯ ನಂಬರ್ ಬಂತು, ಲೇಬಲ್ ಮೇಲೆ ಹಾಕಿದೆವು.

ಸಿಕ್ಕಿಕೊಂಡಿದ್ದು ಬ್ಯಾಂಕ್ ಖಾತೆಯಲ್ಲಿ. ಗೇಟ್‌ವೇಯವರು ಖಾತೆಗೆ ಒಂದು ರೂಪಾಯಿ ಹಾಕಿ ನೋಡುತ್ತಾರೆ. ಹಾಕಿದಾಗ ಬ್ಯಾಂಕು ಖಾತೆದಾರರ ಹೆಸರನ್ನು ತಿರುಗಿ ಹೇಳುತ್ತದೆ. ಆ ಹೆಸರು ಪ್ಯಾನ್‌ನಲ್ಲಿರುವ ಹೆಸರಿಗೆ ಹೊಂದಬೇಕು. ಮೊದಲ ಸಲ ರೂಪಾಯಿಯೇ ತಲುಪಲಿಲ್ಲ. ನಾನು ಚಿಕ್ಕಿಯ ಹಳೆಯ ಚೆಕ್ ಪುಸ್ತಕ ನೋಡಿ ಬ್ಯಾಂಕ್ ಶಾಖೆಯ ಸಂಕೇತ, ಅಂದರೆ ಐಎಫ್‌ಎಸ್‌ಸಿ, ತುಂಬಿದ್ದೆ. ಅದು ಸಿಂಡಿಕೇಟ್ ಬ್ಯಾಂಕಿನ ಕಾಲದ್ದು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿತು, ಹಳೆಯ ಸಂಕೇತಗಳು 2021ರ ಜುಲೈ 1ರಿಂದ ನಿಂತವು. ಊರಲ್ಲಿ ಬ್ಯಾಂಕಿಗೆ ಹೋಗಿ ಬರುವವರಿಗೆ ಇದು ಗೊತ್ತೇ ಆಗುವುದಿಲ್ಲ, ದುಡ್ಡು ತೆಗೆಯೋದು ಹಾಕೋದು ಮೊದಲಿನ ಹಾಗೇ ನಡೆಯುತ್ತದೆ. ಹೊಸ ಪಾಸ್‌ಬುಕ್ ತರಿಸಿ, ಸಿಎನ್‌ಆರ್‌ಬಿಯಿಂದ ಶುರುವಾಗುವ ಹೊಸ ಸಂಕೇತ ಹಾಕಿದೆ. ರೂಪಾಯಿ ಹೋಯಿತು. ಅರ್ಜಿ ಮತ್ತೆ ವಾಪಸ್. "ದಾಖಲೆ ಹೊಂದುತ್ತಿಲ್ಲ" ಅಂತ ಒಂದೇ ಸಾಲು. ಯಾವ ದಾಖಲೆ, ಏನು ಹೊಂದುತ್ತಿಲ್ಲ, ಏನೂ ಇಲ್ಲ.

ಮೂರು ದಿನ ಪತ್ರ ಬರೆದು ಕೇಳಿದ ಮೇಲೆ ಗೊತ್ತಾಯಿತು. ಪ್ಯಾನ್‌ನಲ್ಲಿ ಇಂಗ್ಲಿಷಿನಲ್ಲಿ 'ಹೆಗಡೆ' ಬರೆಯುವಾಗ ಜಿ ಮತ್ತು ಡಿ ನಡುವೆ ಒಂದು ಎ ಇದೆ. ಬ್ಯಾಂಕಿನಲ್ಲಿ ಆ ಎ ಇಲ್ಲ, ಮೇಲಾಗಿ ಹೆಸರಿನ ಹಿಂದೆ ಗಂಡನ ಹೆಸರಿನ ಒಂದು ಅಕ್ಷರ ಇದೆ. ನಮ್ಮ ಕಡೆ ಒಬ್ಬರದ್ದೇ ಹೆಸರನ್ನು ಶಾಲೆಯಲ್ಲಿ ಒಂಥರಾ, ಪಡಿತರ ಚೀಟಿಯಲ್ಲಿ ಇನ್ನೊಂಥರಾ ಬರೆದಿರುತ್ತಾರೆ, ಅದನ್ನು ಯಾರೂ ತಪ್ಪು ಅಂದುಕೊಂಡೇ ಇಲ್ಲ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ತಾನೆ? ಆಗ ಪ್ಯಾನ್-ಆಧಾರ್ ಜೋಡಣೆಗೆ ಜೂನ್ 30 ಕೊನೆಯ ದಿನ, 1000 ರೂಪಾಯಿ ಶುಲ್ಕ ಅಂತ ಊರಿಡೀ ಸೈಬರ್ ಸೆಂಟರ್ ಮುಂದೆ ನಿಂತಿತ್ತು, ಅಲ್ಲಿಯೂ ಇದೇ ಹೆಸರಿನ ಪಾಡು. ಚಿಕ್ಕಿಯದ್ದು ಪ್ಯಾನ್, ಆಧಾರ್ ಎರಡೂ ಒಂದೇ ಥರ ಇದ್ದವು, ಅಷ್ಟು ಪುಣ್ಯ. ಬ್ಯಾಂಕಿನ ಹೆಸರನ್ನೇ ಸರಿ ಮಾಡಿಸಲು ಅವಳು ಹಪ್ಪಳದ ಕೆಲಸ ಬಿಟ್ಟು ಎರಡು ಸಲ ಬಸ್ಸಿನಲ್ಲಿ ಶಿರಸಿಗೆ ಹೋಗಿ ಬಂದಳು. ಅರ್ಜಿ ಹಾಕುವ ಮೊದಲೇ ಮೂರೂ ದಾಖಲೆ ಮೇಜಿನ ಮೇಲೆ ಇಟ್ಟು ಒಂದೊಂದೇ ಅಕ್ಷರ ಓದಿದ್ದರೆ ಅವಳಿಗೆ ಆ ಓಡಾಟ ತಪ್ಪುತ್ತಿತ್ತು. ಈಗ ಯಾರು ಕೇಳಿದರೂ ನಾನು ಮೊದಲು ಇದನ್ನೇ ಮಾಡಿಸುತ್ತೇನೆ.

ಸೈಟ್ ಪರಿಶೀಲನೆಯಲ್ಲಿ ಇನ್ನೊಂದು ಸಲ ನಿಂತಿತು. ದುಡ್ಡು ವಾಪಸ್ ಮಾಡುವ ನಿಯಮ, ಸಾಗಣೆ, ಖಾಸಗಿತನ, ಸಂಪರ್ಕದ ವಿಳಾಸ, ಎಲ್ಲದಕ್ಕೂ ಪುಟ ಇರಬೇಕು. ಇದ್ದವು, ಆದರೆ ಕನ್ನಡದಲ್ಲಿ. "ಪುಟಗಳು ಸಿಗಲಿಲ್ಲ" ಅಂತ ಉತ್ತರ ಬಂತು. ಕೆಳಗೆ ಇಂಗ್ಲಿಷಿನಲ್ಲೂ ಬರೆದು ಹಾಕಿದೆ, ಮರುದಿನ ಒಪ್ಪಿದರು. ಕನ್ನಡ ತೆಗೆಯಲಿಲ್ಲ. ಆ ಅಂಗಡಿಯ ಹೆಚ್ಚಿನ ಗಿರಾಕಿಗಳು ಕನ್ನಡದವರೇ, ಅಂಗಡಿ ನಡೆಸುವವಳೂ ಕನ್ನಡವನ್ನೇ ಓದುವವಳು. ಅದೇ ಕಾರಣಕ್ಕೆ ಪ್ರತಿ ಆರ್ಡರಿನ ಟಿಪ್ಪಣಿಯಲ್ಲಿ ಸಾಮಾನಿನ ಹೆಸರನ್ನು ಕನ್ನಡದಲ್ಲೇ ಕಳಿಸುವ ಹಾಗೆ ಮಾಡಿದ್ದೆ, ಚಿಕ್ಕಿ ಗೇಟ್‌ವೇಯ ಆಪ್ ತೆರೆದರೆ 'ಹಲಸಿನ ಹಪ್ಪಳ, 50ರ ಕಟ್ಟು' ಅಂತ ಕಾಣಲಿ ಅಂತ. ಆ ಶನಿವಾರದ ತೊಂದರೆಯ ಬೇರು ಇಲ್ಲೇ ಇತ್ತು.

ಶುರುವಿನ ಒಂದು ತಪ್ಪನ್ನು ಬೇಗ ಹಿಡಿದಿದ್ದೆ. ಗೇಟ್‌ವೇಗೆ ಮೊತ್ತವನ್ನು ಪೈಸೆಯಲ್ಲಿ ಹೇಳಬೇಕು. 320 ಅಂತ ಕಳಿಸಿದರೆ 3 ರೂಪಾಯಿ 20 ಪೈಸೆ ಅಂತ ತಿಳಿಯುತ್ತದೆ, 32000 ಅಂತ ಕಳಿಸಬೇಕು. ನನ್ನದೇ ದುಡ್ಡಿನಲ್ಲಿ ಪರೀಕ್ಷೆ ಮಾಡಿದ್ದರಿಂದ ಗಿರಾಕಿಗೆ ತಲುಪುವ ಮೊದಲೇ ಸರಿಯಾಯಿತು.

ಶನಿವಾರಕ್ಕೆ ಬರುತ್ತೇನೆ. ಬ್ಯಾಂಕಿಗೆ ರಜೆ, ಗೇಟ್‌ವೇಯವರ ಫೋನ್ ಬಂದ್. ಅವರ ಡ್ಯಾಶ್‌ಬೋರ್ಡ್ ತೆರೆದರೆ ಪುಣೆಯವರ ಎರಡು ಪಾವತಿಯೂ ಹಸಿರು, ದುಡ್ಡು ಬಂದಿದೆ. ನಮ್ಮ ಪಟ್ಟಿಯಲ್ಲಿ 'ಬಾಕಿ'. ಆ ವಾರದ 27 ಆರ್ಡರಿನಲ್ಲಿ ಒಂಬತ್ತು ಹೀಗೇ ಇದ್ದವು. ಉಳಿದವು ಸರಿ. ಎಲ್ಲವೂ ಕೆಟ್ಟಿದ್ದರೆ ಹುಡುಕುವುದು ಸುಲಭ. ಕೆಲವು ಕೆಟ್ಟು ಕೆಲವು ಸರಿಯಿದ್ದರೆ ತಲೆ ಕೆಡುತ್ತದೆ.

ದುಡ್ಡು ಬಂತು ಅನ್ನೋದು ಸೈಟಿಗೆ ಎರಡು ದಾರಿಯಲ್ಲಿ ತಿಳಿಯುತ್ತದೆ. ಗಿರಾಕಿ ದುಡ್ಡು ಕಟ್ಟಿ ನಮ್ಮ ಪುಟಕ್ಕೆ ವಾಪಸ್ ಬಂದರೆ ಅವರ ಬ್ರೌಸರೇ ಹೇಳುತ್ತದೆ. ಆದರೆ ಫೋನಿನಲ್ಲಿ ಯುಪಿಐ ಆಪಿಗೆ ಹೋಗಿ, ಪಿನ್ ಒತ್ತಿ, ತಿರುಗಿ ಬರುವಷ್ಟರಲ್ಲಿ ಬ್ರೌಸರಿನ ಪುಟ ಎಷ್ಟೋ ಸಲ ಸತ್ತಿರುತ್ತದೆ, ಹಳೆಯ ಫೋನಾದರೆ ಇನ್ನೂ ಜಾಸ್ತಿ. ಆಗ ಉಳಿಯುವುದು ಎರಡನೇ ದಾರಿ. ಗೇಟ್‌ವೇಯ ಸರ್ವರ್ ನೇರವಾಗಿ ನಮ್ಮ ಸರ್ವರಿಗೆ ಸಂದೇಶ ಕಳಿಸುವುದು. ಅದಕ್ಕೆ ವೆಬ್‌ಹುಕ್ ಅಂತಾರೆ. ಯಾರೋ ಸುಳ್ಳು ಸಂದೇಶ ಕಳಿಸಬಾರದಲ್ವಾ, ಅದಕ್ಕೆ ಸಂದೇಶದ ಒಂದೊಂದು ಅಕ್ಷರವನ್ನೂ ಒಂದು ಗುಟ್ಟಿನ ಪದದ ಜೊತೆ ಸೇರಿಸಿ ಮಾಡಿದ ಸಹಿ ಜೊತೆಗೆ ಬರುತ್ತದೆ. ನಾವೂ ಅದೇ ಲೆಕ್ಕ ಮಾಡಿ ತಾಳೆ ನೋಡಬೇಕು. ನಮ್ಮ ಸರ್ವರಿನ ದಾಖಲೆಯಲ್ಲಿ ಆ ವಾರವಿಡೀ ಒಂದೇ ಮಾತು: ಸಹಿ ತಾಳೆಯಾಗಲಿಲ್ಲ, ಸಂದೇಶ ತಿರಸ್ಕರಿಸಲಾಗಿದೆ. ಸರಿಯಿದ್ದ ಆರ್ಡರುಗಳು ಮೊದಲ ದಾರಿಯಲ್ಲೇ ತಿಳಿದಿದ್ದವು.

ಗುಟ್ಟಿನ ಪದ ತಪ್ಪಿರಬೇಕು ಅಂದುಕೊಂಡೆ. ನಮ್ಮ ಸೈಟು ಗೇಟ್‌ವೇಯನ್ನು ಮಾತಾಡಿಸಲು ಬಳಸುವ ಎಪಿಐ ಕೀಲಿಯ ಗುಟ್ಟು ಬೇರೆ, ವೆಬ್‌ಹುಕ್ಕಿನದ್ದು ಬೇರೆ. ಪರೀಕ್ಷೆಯದ್ದು ಬೇರೆ, ನಿಜದ್ದು ಬೇರೆ. ನಾಲ್ಕನ್ನೂ ನೋಡಿದೆ, ಸರಿ ಇದ್ದವು. ಹೊಸದು ಮಾಡಿ ಹಾಕಿದೆ. ಒಂದು ರೂಪಾಯಿಯ ಪರೀಕ್ಷೆಯ ಆರ್ಡರ್ ಮಾಡಿ, ಬೇಕಂತಲೇ ಪುಟ ಮುಚ್ಚಿದೆ. ಸಂದೇಶ ಬಂತು, ಸಹಿ ತಾಳೆಯಾಯಿತು! ಚಿಕ್ಕಿಗೆ ಫೋನ್ ಮಾಡಿ ಸರಿ ಹೋಯಿತು ಅಂತಲೂ ಹೇಳಿಬಿಟ್ಟೆ. ಅರ್ಧ ಗಂಟೆಯಲ್ಲಿ ಹತ್ತನೇ ಆರ್ಡರ್ ಸಿಕ್ಕಿಕೊಂಡಿತು. ಆಗ ಆದ ಸಂಕಟ ಬೆಳಗಿನದ್ದಕ್ಕಿಂತ ದೊಡ್ಡದು, ಅವಳು ನನ್ನ ಮಾತು ನಂಬಿ ಇಬ್ಬರಿಗೆ "ಇನ್ನು ತೊಂದರೆ ಇಲ್ಲ" ಅಂದಿದ್ದಳು.

ಊಟ ಬಿಟ್ಟು ಕೂತೆ. ಪರೀಕ್ಷೆಯ ಆರ್ಡರಿಗೂ ನಿಜವಾದ ಆರ್ಡರಿಗೂ ಏನು ವ್ಯತ್ಯಾಸ? ಕೊನೆಗೆ ನಾನೇ 320 ಕೊಟ್ಟು ಒಂದು ಕಟ್ಟು ಹಪ್ಪಳ ತೆಗೆದುಕೊಂಡೆ. ತಾಳೆಯಾಗಲಿಲ್ಲ. ಅದೇ ಹಪ್ಪಳದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮತ್ತೆ ತೆಗೆದುಕೊಂಡೆ. ತಾಳೆಯಾಯಿತು. ಬಂದ ಸಂದೇಶವನ್ನೂ, ನನ್ನ ಕೋಡು ಸಹಿಗೆ ಅಂತ ಇಟ್ಟುಕೊಂಡಿದ್ದನ್ನೂ ಅಕ್ಕಪಕ್ಕ ಇಟ್ಟೆ. ಬಂದಿದ್ದರಲ್ಲಿ 'ಹಲಸಿನ ಹಪ್ಪಳ' ಅಂತ ಚೆಂದವಾಗಿ ಕನ್ನಡ ಇತ್ತು. ನನ್ನದರಲ್ಲಿ 'ಹ' ಇರಬೇಕಾದ ಜಾಗದಲ್ಲಿ ಒಂದು ಓರೆ ಗೆರೆ, ಪಕ್ಕದಲ್ಲಿ ಯು, ಆಮೇಲೆ ಸೊನ್ನೆ-ಸಿ-ಬಿ-ಒಂಬತ್ತು. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದು 'ಹ' ಅಕ್ಷರದ ಸಂಖ್ಯೆ. ನಾನು ಸಂದೇಶವನ್ನು ಬಿಚ್ಚಿ ಓದಿ, ಸಹಿ ನೋಡುವ ಮೊದಲು ಮತ್ತೆ ಜೇಸನ್ ರೂಪಕ್ಕೆ, ಅಂದರೆ ಸರ್ವರುಗಳು ಮಾಹಿತಿ ಬರೆದು ಕಳಿಸುವ ಕ್ರಮಕ್ಕೆ, ಕಟ್ಟುತ್ತಿದ್ದೆ. ಹಾಗೆ ಕಟ್ಟುವಾಗ ನಾನು ಕೋಡ್ ಬರೆದ ಪಿಎಚ್‌ಪಿ ಭಾಷೆ, ನಾವು ಬೇಡ ಅನ್ನದಿದ್ದರೆ, ಇಂಗ್ಲಿಷಲ್ಲದ ಅಕ್ಷರಗಳನ್ನೆಲ್ಲ ಹೀಗೆ ಸಂಖ್ಯೆ ಮಾಡಿಬಿಡುತ್ತದೆ. ಅರ್ಥ ಒಂದೇ, ಆದರೆ ಸಹಿಗೆ ಅರ್ಥ ಬೇಕಿಲ್ಲ, ಅಕ್ಷರ ಬೇಕು. ಚಿಕ್ಕಿಯ ಹೆಸರಿನಲ್ಲಿ ಒಂದು ಎ ಹೆಚ್ಚುಕಡಿಮೆ ಆದಾಗ ಆದದ್ದೂ ಇದೇ.

ಒಂದು ಸಾಲು ಬದಲಿಸಿದೆ. ಬಂದ ಸಂದೇಶ ಬಂದ ಹಾಗೇ, ಬಿಚ್ಚದೆ, ಸಹಿಗೆ ಹೋಗಬೇಕು. ಗೇಟ್‌ವೇಯವರು ತಿರಸ್ಕಾರವಾದ ಸಂದೇಶಗಳನ್ನು ಸ್ವಲ್ಪ ಕಾಲ ಮಾತ್ರ ಮತ್ತೆ ಮತ್ತೆ ಕಳಿಸುತ್ತಾರೆ. ಸಂಜೆಯೊಳಗೆ ಇತ್ತೀಚಿನ ನಾಲ್ಕು ಆರ್ಡರು ತಾವಾಗಿ 'ಪಾವತಿ ಆಗಿದೆ'ಗೆ ಬಂದವು. ಉಳಿದ ಆರನ್ನು ಕೈಯಲ್ಲೇ ತಾಳೆ ಹಾಕಿದೆ, ಯುಪಿಐನ 12 ಅಂಕಿಯ ನಂಬರ್ ಹಿಡಿದು, ಒಂದೊಂದಾಗಿ. ಪರೀಕ್ಷೆಗೆ ಕನ್ನಡ ಬಳಸಿದ್ದರೆ ಮೊದಲ ದಿನವೇ ಸಿಗುತ್ತಿತ್ತು. ಕನ್ನಡದ ಅಂಗಡಿ ಕಟ್ಟಿ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದ್ದೆ.

ಇಷ್ಟಾದರೂ ಪುಣೆಯವರು ಎರಡು ಸಲ ಯಾಕೆ ಕಟ್ಟಿದರು? ಕೋಡಿನ ತಪ್ಪಿಗಿಂತ ಇದು ನನಗೆ ಹೆಚ್ಚು ಚುಚ್ಚಿತು. ಅವರು ತಿರುಗಿ ಸೈಟಿಗೆ ಬಂದಾಗ ಕಂಡ ಸಾಲು ನಾನು ಬರೆದದ್ದು: "ಪಾವತಿ ಬಾಕಿ ಇದೆ, ಮತ್ತೆ ಪ್ರಯತ್ನಿಸಿ." ಅವರು ಹೇಳಿದ ಹಾಗೆ ಕೇಳಿದರು, ಅಷ್ಟೇ. ದುಡ್ಡು ಕಟ್ ಆಗಿ ಅಂಗಡಿಗೆ ಖಚಿತವಾಗದೆ ಹೋದರೆ ಐದು ದಿನದೊಳಗೆ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು ಅಂತ 2019ರ ಅಕ್ಟೋಬರಿನಿಂದ ಆರ್‌ಬಿಐ ನಿಯಮ ಇದೆ. ಆದರೆ ಇಲ್ಲಿ ದುಡ್ಡು ಗೇಟ್‌ವೇವರೆಗೆ ತಲುಪಿತ್ತು, ಬಂತು ಅಂತ ಹೇಳಬೇಕಾದ ನಾವು ಬಂದಿಲ್ಲ ಅಂದೆವು. ಅಂಥದ್ದಕ್ಕೆ ಆ ನಿಯಮ ನೆರವಿಗೆ ಬರುವುದಿಲ್ಲ.

ಚಿಕ್ಕಿ ಮೊದಲು ದುಡ್ಡು ಕೂಡಿಟ್ಟಿದ್ದು ಪಿಗ್ಮಿಯಲ್ಲಿ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರು ಮಾಡಿದ ಯೋಜನೆ ಅದು, ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತಂತೆ. ಏಜೆಂಟರು ಬಾಗಿಲಿಗೆ ಬರುತ್ತಿದ್ದರು, ದುಡ್ಡು ತೆಗೆದುಕೊಂಡು ಅಲ್ಲೇ, ಅವಳ ಎದುರಿಗೇ ಬರೆದು ಕೊಟ್ಟು ಹೋಗುತ್ತಿದ್ದರು. ಕೊಟ್ಟ ಕೈ ಕೆಳಗಿಳಿಯುವ ಮೊದಲೇ ಲೆಕ್ಕ ಕೈಯಲ್ಲಿ. ಅವಳು ನನ್ನಿಂದ ಕೇಳುತ್ತಿದ್ದುದು ಅಷ್ಟನ್ನೇ. ಆ ಸಾಲನ್ನು ಅಳಿಸಿ ಹೀಗೆ ಬರೆದೆ: "ನಿಮ್ಮ ಖಾತೆಯಿಂದ ದುಡ್ಡು ಹೋಗಿದ್ದರೆ ದಯವಿಟ್ಟು ಮತ್ತೆ ಕಟ್ಟಬೇಡಿ. ನಾವು ನೋಡುತ್ತಿದ್ದೇವೆ, 15 ನಿಮಿಷದೊಳಗೆ ತಿಳಿಸುತ್ತೇವೆ." ಆ ಹದಿನೈದು ನಿಮಿಷದಲ್ಲಿ ನಮ್ಮ ಸರ್ವರೇ ಗೇಟ್‌ವೇಯನ್ನು ಮೂರು ಸಲ ಕೇಳುತ್ತದೆ, ಈ ಆರ್ಡರಿಗೆ ದುಡ್ಡು ಬಂತಾ ಅಂತ. ಒಂದೇ ಆರ್ಡರಿಗೆ ಎರಡನೇ ಸಲ ದುಡ್ಡು ಬಂದರೆ ಚಿಕ್ಕಿಗೂ ನನಗೂ ತಕ್ಷಣ ಸಂದೇಶ ಬರುತ್ತದೆ.

ಎರಡು ಸಲ ಕಟ್ಟಿದವರು ಇಬ್ಬರು. ರಿಫಂಡ್ ಹಾಕಿದೆ, ತಲುಪಲು ಐದರಿಂದ ಏಳು ಕೆಲಸದ ದಿನ ಅಂತ ತೋರಿಸಿತು. ಮೆಸೇಜ್ ಸಾಕು ಅಂತ ನಾನಂದರೆ ಚಿಕ್ಕಿ ಒಪ್ಪಲಿಲ್ಲ, ಇಬ್ಬರಿಗೂ ತಾನೇ ಫೋನ್ ಮಾಡಿದಳು. ಪುಣೆಯವರ ತವರು ಕುಮಟಾ ಕಡೆ. ದುಡ್ಡಿನ ಚಿಂತೆ ಅವರಿಗೆ ಇರಲೇ ಇಲ್ಲವಂತೆ, ಆರ್ಡರ್ ಹೋಗದಿದ್ದರೆ ಈ ವರ್ಷದ ಹಪ್ಪಳ ಮುಗಿದುಹೋಗುತ್ತಲ್ಲ ಅಂತ ಎರಡನೇ ಸಲ ಒತ್ತಿದ್ದಂತೆ. ಅರ್ಧ ಗಂಟೆ ಮಾತಾಡಿದರು.

ಮುಂದಿನ ವಾರ ಖಾತೆಗೆ ದುಡ್ಡು ಬಂದಾಗ ಚಿಕ್ಕಿ ಮತ್ತೆ ಫೋನ್ ಮಾಡಿದಳು. ಕಟ್ಟಿಗೆ 320, ಬಂದದ್ದು 312 ರೂಪಾಯಿ 45 ಪೈಸೆ. "ಆ 7 ರೂಪಾಯಿ 55 ಪೈಸೆ ಎಲ್ಲಿಗೆ ಹೋತು?" ನೂರಕ್ಕೆ ಎರಡರಂತೆ ಗೇಟ್‌ವೇಯ ಶುಲ್ಕ 6 ರೂಪಾಯಿ 40 ಪೈಸೆ, ಆ ಶುಲ್ಕದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 1 ರೂಪಾಯಿ 15 ಪೈಸೆ ಅಂತ ಬಿಡಿಸಿ ಹೇಳಿದೆ. ಕಾಯಿ ಕೊಯ್ಯುವವರ ಕೂಲಿ, ಕೊರಿಯರ್ ಬರೆದ ಪುಟದಲ್ಲೇ ಅದನ್ನೂ ಬರೆದುಕೊಂಡಳು. ದರ 330 ಮಾಡೋಣವಾ ಅಂತ ಕೇಳಿದೆ. ಈ ವರ್ಷ ಬೇಡ, ಆಗಲೇ ಜನರಿಗೆ ಒಂದು ದರ ಹೇಳಿ ಆಗಿದೆ ಅಂದಳು.